ಬಿರುಕು ಬಿಡುವವರೆಗೆ ಕಾದು ಕೆಡವುವುದು ಸಂರಕ್ಷಣೆಯಲ್ಲ

ಬೆಳಿಗ್ಗೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಕಾಲಿಟ್ಟರೆ ಮೊದಲು ಎದುರುಗೊಳ್ಳುವುದು ಮಲ್ಲಿಗೆಯ ಘಮ. ಹೂವಿನವರು ಮೊಳ ಹಾಕಿ ಮಾಲೆ ಅಳೆಯುತ್ತಿರುತ್ತಾರೆ. ಮುಂದೆ ಹೋದರೆ ವೀಳ್ಯದೆಲೆಯ ಕಟ್ಟು, ಬಾಳೆಗೊನೆ, ತಟ್ಟೆಯಲ್ಲಿ ಗೋಪುರದಂತೆ ಒಟ್ಟಿದ ಕುಂಕುಮ. ತಲೆ ಎತ್ತಿದವರಿಗೆ ಇನ್ನೊಂದು ನೋಟವೂ ಕಾಣುತ್ತದೆ: ಗಾರೆ ಉದುರಿ ಇಟ್ಟಿಗೆ ಬಯಲಾದ ಗೋಡೆ.

2016ರ ಆಗಸ್ಟ್‌ನಲ್ಲಿ, ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ, ಧನ್ವಂತರಿ ರಸ್ತೆ ಕಡೆಯ ದ್ವಾರದ ಭಾಗ ಕುಸಿಯಿತು. ಅಂದಿನಿಂದ ಶುರುವಾದ ಜಗಳಕ್ಕೆ ಎರಡೇ ಮಾತು: ಉಳಿಸುವುದೋ, ಕೆಡವುವುದೋ. ಕೆಡವಿ ಅದೇ ಶೈಲಿಯಲ್ಲಿ ಹೊಸದಾಗಿ ಕಟ್ಟೋಣ ಎಂಬುದು ಮೈಸೂರು ಮಹಾನಗರ ಪಾಲಿಕೆಯ ನಿಲುವು. ದುರಸ್ತಿ ಮಾಡಿ ಉಳಿಸಬಹುದು ಎಂದವರು ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್‌ನ ತಜ್ಞರು ಮತ್ತು ಪರಂಪರೆ ಪ್ರಿಯರು. ಒಂದು ವರದಿಗೆ ಇನ್ನೊಂದು ವರದಿ ಎದುರಾಯಿತು. ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ಕೆಡವುವುದನ್ನು ಪ್ರಶ್ನಿಸಿದ ಅರ್ಜಿಗಳನ್ನು ನ್ಯಾಯಾಲಯ 2023ರಲ್ಲಿ ವಜಾ ಮಾಡಿತು.

ಪಾಲಿಕೆಯ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಮಾರುಕಟ್ಟೆಗೆ ಅನತಿ ದೂರದಲ್ಲೇ ಲ್ಯಾನ್ಸ್‌ಡೌನ್ ಕಟ್ಟಡವಿದೆ. 1892ರಲ್ಲಿ ವೈಸ್‌ರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ ಕಟ್ಟಿದ್ದು. ಹಳೆಯ ಪುಸ್ತಕ ಹುಡುಕುವವರ ಅಚ್ಚುಮೆಚ್ಚಿನ ಜಾಗವಾಗಿತ್ತು. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಸತ್ತವರ ಮನೆಯವರ ಮುಂದೆ ಕಮಾನಿನ ಚೆಲುವನ್ನು ವರ್ಣಿಸುವ ಧೈರ್ಯ ಯಾರಿಗೂ ಇರಲಾರದು.

ಆದರೆ ಈ ಕಟ್ಟಡಗಳು ಕುಸಿಯುವ ಸ್ಥಿತಿಗೆ ಬಂದದ್ದು ಒಂದೇ ಮಳೆಗಾಲದಲ್ಲಿ ಅಲ್ಲ. ಸುಣ್ಣದ ಗಾರೆಯ ಕಟ್ಟಡ ಹೇಗೆ ಸಾಯುತ್ತದೆ ಎಂಬುದು ಹಳೆಯ ಗಾರೆ ಕೆಲಸದವರಿಗೆಲ್ಲ ಗೊತ್ತು. ಚಾವಣಿಯ ನೀರು ಹೋಗುವ ಕೊಳವೆಯಲ್ಲಿ ಕಸ ಕಟ್ಟುತ್ತದೆ. ನಿಂತ ನೀರು ಗೋಡೆಗಿಳಿಯುತ್ತದೆ. ಸಂದಿಯಲ್ಲಿ ಬಿದ್ದ ಅರಳಿ ಬೀಜ ಮೊಳೆತು, ಬೇರು ಇಟ್ಟಿಗೆಗಳನ್ನು ಸರಿಸುತ್ತದೆ. ಆ ಬಿರುಕಿಗೆ ಯಾರೋ ಸಿಮೆಂಟ್ ಮೆತ್ತುತ್ತಾರೆ. ಸುಣ್ಣದ ಗೋಡೆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ತಡೆಯುತ್ತದೆ. ಗೋಡೆ ಒಳಗಿಂದೊಳಗೇ ಪುಡಿಯಾಗುತ್ತದೆ. ಕೊಳವೆ ತೆರವು ಮಾಡಲು ಒಬ್ಬ ಆಳು, ಒಂದು ಏಣಿ, ಅರ್ಧ ದಿನ ಸಾಕಾಗಿತ್ತು.

ಇಷ್ಟು ಸಣ್ಣ ಕೆಲಸವನ್ನೂ ಕೇಳಿ ಮಾಡಿಸುವವರು ಇಲ್ಲದಿರುವುದೇ ಮುಖ್ಯ ತೊಡಕು. ಮಾರುಕಟ್ಟೆಯ ಒಡೆತನ ಪಾಲಿಕೆಯದು, ಅಂಗಡಿಗಳ ಬಾಡಿಗೆ ಪಾಲಿಕೆಗೆ, ಕೆಡವುವ ಪ್ರಸ್ತಾವವೂ ಪಾಲಿಕೆಯದೇ. ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆ 200 ಮೀಟರ್‌ವರೆಗೆ ನಿಯಂತ್ರಣವಿದೆ. ಜನ ದಿನವೂ ಬಳಸುವ ಮಾರುಕಟ್ಟೆಗೆ ಆ ಕವಚವಿಲ್ಲ. ಪಾರಂಪರಿಕ ಸಮಿತಿಗಳು ಸಲಹೆ ಕೊಡುತ್ತವೆ. ಸಲಹೆ ಕಡತದಲ್ಲಿ ಉಳಿದರೆ ಕೇಳುವವರು ಯಾರು? ವರ್ಷಗಟ್ಟಲೆ ನಿರ್ವಹಣೆ ಇಲ್ಲದೆ ಕಟ್ಟಡ ಶಿಥಿಲವಾಗುತ್ತದೆ, ಆಮೇಲೆ ಆ ಶಿಥಿಲತೆಯೇ ಕೆಡವಲು ಕಾರಣವಾಗುತ್ತದೆ.

ಮನಸ್ಸಿದ್ದರೆ ದಾರಿಯಿದೆ ಎನ್ನಲು ಸಾಕ್ಷಿಗಳಿವೆ. ಮೈಸೂರಿಗೆ ಕೂಗಳತೆಯಲ್ಲಿರುವ ಶ್ರೀರಂಗಪಟ್ಟಣದಲ್ಲಿ ರೈಲು ಜೋಡಿಮಾರ್ಗಕ್ಕೆ ಟಿಪ್ಪು ಕಾಲದ ಶಸ್ತ್ರಾಗಾರ ಅಡ್ಡಬಂತು. 2017ರಲ್ಲಿ ಅದನ್ನು ಕೆಡವಲಿಲ್ಲ. ಬುಡಸಮೇತ ಎತ್ತಿ ಬೇರೆ ಜಾಗಕ್ಕೆ ಸರಿಸಿದರು. ಮುಂಬೈ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ಪ್ರತ್ಯೇಕ ನಿಯಮ ತಂದಿತು. ಅಲ್ಲಿನ 1869ರ ಕ್ರಾಫರ್ಡ್ ಮಾರುಕಟ್ಟೆ ಕೂಡ ಆ ನಗರದ ಪಾಲಿಕೆಯ ಸ್ವತ್ತೇ. ಅದರ ಹಳೆಯ ಕಟ್ಟಡ ಇಂದಿಗೂ ನಿಂತಿದೆ, ಅದರಲ್ಲಿ ಇಂದಿಗೂ ಹಣ್ಣು ಮಾರುತ್ತಾರೆ. ಬೆಂಗಳೂರಿನ ಅಠಾರ ಕಚೇರಿಯನ್ನು ಕೆಡವುವ ಮಾತು 1980ರ ದಶಕದಲ್ಲಿ ಬಂದಾಗ ನಾಗರಿಕರು ಎದ್ದು ನಿಂತರು. ಇಂದು ರಾಜ್ಯದ ಹೈಕೋರ್ಟ್ ಇರುವುದು ಅದೇ ಕೆಂಪು ಕಟ್ಟಡದಲ್ಲಿ.

ರಾಜ್ಯದ ಸ್ಥಳೀಯ ಸಂಸ್ಥೆಗಳು ತಕ್ಷಣ ಮಾಡಬಹುದಾದ ಕೆಲಸ ಮೂರು. ತಮ್ಮ ಸ್ವತ್ತಿನ ಹಳೆಯ ಕಟ್ಟಡಗಳನ್ನು ಪ್ರತಿ ವರ್ಷ ಮುಂಗಾರಿಗೆ ಮುನ್ನ ಪರಿಶೀಲಿಸಿ ವರದಿ ಪ್ರಕಟಿಸುವುದು. ಅಂಗಡಿ ಬಾಡಿಗೆಯ ಒಂದು ಪಾಲನ್ನು ಆ ಕಟ್ಟಡದ ನಿರ್ವಹಣೆಗೇ ಮೀಸಲಿಡುವುದು. ಸಿಮೆಂಟ್ ಗುತ್ತಿಗೆದಾರರ ಬದಲು ಸುಣ್ಣದ ಗಾರೆ ಬಲ್ಲ ಕುಶಲಕರ್ಮಿಗಳಿಗೆ ಕೆಲಸ ಕೊಡುವುದು. ಜೊತೆಗೆ ಸಮಿತಿಯ ಸಲಹೆಯನ್ನು ತಳ್ಳಿಹಾಕಿದರೆ ಏಕೆ ಎಂದು ಲಿಖಿತವಾಗಿ ಹೇಳುವ ಹೊಣೆಯನ್ನು ಸರ್ಕಾರ ಅವುಗಳ ಮೇಲೆ ಹೊರಿಸಬೇಕು.

ಕೋರ್ಟಿನ ತೀರ್ಪು ಬಂದಿರಬಹುದು. ಮೈಸೂರಿನಲ್ಲೇ ಗಾರೆ ಉದುರುತ್ತಿರುವ ಹಳೆಯ ಕಟ್ಟಡಗಳು ಇನ್ನೂ ಹಲವಿವೆ, ಅವುಗಳ ಚಾವಣಿಯ ಮೇಲೆ ಅರಳಿ ಸಸಿಗಳೂ ಇವೆ. ಮುಂದಿನ ಮಳೆಗೆ ಮುನ್ನ ಆ ಚಾವಣಿಗೆ ಏಣಿ ಹಾಕುವ ಆದೇಶ ಪಾಲಿಕೆಯಿಂದಲೇ ಹೊರಡಬೇಕು.