ರಕ್ತ ಕಡಿಮೆಯೆ? ಮೂತ್ರಪಿಂಡವನ್ನೂ ನೋಡಿಸಿ

"ಡಾಕ್ಟ್ರೇ, ರಕ್ತ ಕಮ್ಮಿ ಆಗಿದೆಯಂತೆ, ಒಂದು ಒಳ್ಳೆ ಟಾನಿಕ್ ಬರೆದುಕೊಡಿ." ನನ್ನ ಕ್ಲಿನಿಕ್ಕಿನಲ್ಲಿ ದಿನಕ್ಕೊಬ್ಬರಾದರೂ ಹೀಗೆ ಕೇಳುತ್ತಾರೆ. ಕೇಳುವವರು ಹರೆಯದ ಹೆಣ್ಣುಮಗಳೋ ಬಸುರಿಯೋ ಆಗಿದ್ದರೆ ಕಬ್ಬಿಣದ ಕೊರತೆ ಎಂಬ ಊಹೆ ಬಹುಪಾಲು ಸರಿಹೋಗುತ್ತದೆ. ಆದರೆ ವರ್ಷಗಟ್ಟಲೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರುವ, ಐವತ್ತು ದಾಟಿದವರಿಗೆ ಟಾನಿಕ್ ಬರೆಯುವ ಮೊದಲು ಮೂತ್ರಪಿಂಡದ ಪರೀಕ್ಷೆ ಮಾಡಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ನಾನು ಬಂದದ್ದು ತಪ್ಪು ಮಾಡಿಯೇ. ನಿವೃತ್ತ ಮೇಷ್ಟರೊಬ್ಬರು ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಎಂದು ಬಂದಿದ್ದರು. ಹಿಮೋಗ್ಲೋಬಿನ್ 9 ಗ್ರಾಂ. ಕಬ್ಬಿಣದ ಮಾತ್ರೆ ಕೊಟ್ಟೆ, ಏರಲಿಲ್ಲ. ಮಾತ್ರೆ ಬದಲಿಸಿದೆ, ಆಗಲೂ ಇಲ್ಲ. ಮೂರನೆಯ ಸಲ ಜೊತೆಗೆ ಬಂದ ಅವರ ಮನೆಯವರು, "ಬೆಳಿಗ್ಗೆ ಇವರ ಮುಖ ಊದಿಕೊಂಡಿರುತ್ತೆ" ಎಂದಾಗ ನನಗೆ ಎಚ್ಚರವಾಯಿತು. ಕ್ರಿಯಾಟಿನಿನ್ 4ನ್ನು ದಾಟಿತ್ತು. ಅಮೂಲ್ಯವಾದ ಮೂರು ತಿಂಗಳು ಟಾನಿಕ್‌ನಲ್ಲೇ ಕಳೆದಿತ್ತು.

ಮೂತ್ರ ಸೋಸುವ ಅಂಗಕ್ಕೂ ರಕ್ತಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ದೇಹದಲ್ಲಿ ಆಮ್ಲಜನಕದ ಲೆಕ್ಕ ಇಡುವ ಗುಮಾಸ್ತ ಮೂತ್ರಪಿಂಡವೇ. ಆಮ್ಲಜನಕ ಕಡಿಮೆಯಾಯಿತೆಂದು ಕಂಡರೆ ಅದು ಎರಿತ್ರೊಪೊಯಿಟಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಅದು ಮೂಳೆಯೊಳಗಿನ ಮಜ್ಜೆಗೆ ಹೋಗಿ, ಇನ್ನಷ್ಟು ಕೆಂಪು ಕಣಗಳನ್ನು ತಯಾರಿಸು ಎಂದು ಆಜ್ಞೆ ಮಾಡುತ್ತದೆ. ಬೆಳಗಾವಿಯ ಹುಡುಗನೊಬ್ಬ ಸೇನೆ ಸೇರಿ, ಸುಮಾರು 3,500 ಮೀಟರ್ ಎತ್ತರದ ಲೇಹ್‌ಗೆ ಹೋದನೆನ್ನಿ. ಕೆಲವೇ ಗಂಟೆಗಳಲ್ಲಿ ಅವನ ಮೂತ್ರಪಿಂಡ ಈ ಹಾರ್ಮೋನನ್ನು ಹೆಚ್ಚಿಸುತ್ತದೆ, ವಾರಗಳಲ್ಲಿ ರಕ್ತ ಗಟ್ಟಿಯಾಗುತ್ತದೆ. ಜೀವಕೋಶಗಳು ಆಮ್ಲಜನಕದ ಏರಿಳಿತವನ್ನು ಅರಿಯುವ ಈ ಬಗೆಯನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಂತು.

ಮೂತ್ರಪಿಂಡ ಹಾಳಾದಾಗ ಈ ಗುಮಾಸ್ತನೇ ಕೆಲಸ ಬಿಟ್ಟಂತೆ. ರಕ್ತ ಎಷ್ಟೇ ಕಡಿಮೆಯಾದರೂ ಸಾಕಷ್ಟು ಹಾರ್ಮೋನು ಹೊರಡುವುದಿಲ್ಲ. ಇದು ಅರ್ಧ ಕತೆ ಮಾತ್ರ. ಆರೋಗ್ಯವಂತರಲ್ಲಿ ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಮೂತ್ರಪಿಂಡ ತೀರಾ ಸೋತವರಲ್ಲಿ ಇದು ಮೂರನೆಯ ಒಂದು ಪಾಲು, ಕೆಲವರಲ್ಲಿ ಅರ್ಧದಷ್ಟೇ ಕಡಿಮೆಯಾಗುತ್ತದೆ. ದೋಷ ಕಣದ್ದಲ್ಲ. ಅಂಥ ರೋಗಿಯ ಕಣಗಳನ್ನು ಆರೋಗ್ಯವಂತರಿಗೆ ಕೊಟ್ಟು ನೋಡಿದಾಗ ಅವು ಹೆಚ್ಚುಕಡಿಮೆ ಪೂರ್ಣಾಯುಷ್ಯ ಬಾಳಿದವು. ಆರೋಗ್ಯವಂತರ ಕಣಗಳು ರೋಗಿಯ ಮೈಯಲ್ಲಿ ಬೇಗ ಸತ್ತವು. ಹೊರಹೋಗದೆ ಉಳಿದ ಕಶ್ಮಲಗಳು ತುಂಬಿದ ರಕ್ತದಲ್ಲಿ ಎಂಥ ಕಣವೂ ಬಾಳದು. ಹೀಗೆ ಹುಟ್ಟು ಕಡಿಮೆ, ಸಾವು ಬೇಗ. ಬರೀ ಟಾನಿಕ್ ಏನು ಮಾಡೀತು?

ಇಲ್ಲಿ ಇನ್ನೊಂದು ಮೋಸವಿದೆ, ಸಕ್ಕರೆ ಕಾಯಿಲೆಯವರು ಗಮನವಿಟ್ಟು ಓದಬೇಕು. "ಮೂರು ತಿಂಗಳ ಸಕ್ಕರೆ" ಎಂದು ನೀವು ಕರೆಯುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಕೆಂಪು ಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಸಕ್ಕರೆಯನ್ನು. ಕಣ ಬೇಗ ಸತ್ತರೆ ಸಕ್ಕರೆ ಅಂಟಲು ಸಮಯವೇ ಸಿಗುವುದಿಲ್ಲ. ಫಲಿತಾಂಶ ಸುಳ್ಳೇ ಚೆನ್ನಾಗಿ ಕಾಣುತ್ತದೆ. ನಮ್ಮ ಮೇಷ್ಟರದು 6.3 ಬಂದಿತ್ತು, ನಾನು ಬೆನ್ನು ತಟ್ಟಿ ಕಳಿಸಿದ್ದೆ! ಬೆರಳು ಚುಚ್ಚಿ ನೋಡಿದ್ದರೆ ಊಟದ ನಂತರದ ಸಕ್ಕರೆ 250ರ ಮೇಲೆ. ಮೂತ್ರಪಿಂಡದ ತೊಂದರೆ ಇರುವವರು ಈ ಒಂದು ಅಂಕಿಯನ್ನು ನೆಚ್ಚಿ ಕೂರಬಾರದು, ಮನೆಯಲ್ಲಿ ಸಕ್ಕರೆ ನೋಡಿಕೊಳ್ಳುತ್ತಿರಬೇಕು.

ಚಿಕಿತ್ಸೆ ಇಲ್ಲವೆಂದಲ್ಲ. ಎರಿತ್ರೊಪೊಯಿಟಿನ್ ಚುಚ್ಚುಮದ್ದು 1989ರಿಂದ ಬಳಕೆಯಲ್ಲಿದೆ. ಮೇಲೆ ಹೇಳಿದ ನೊಬೆಲ್ ಸಂಶೋಧನೆಯ ಜಾಡಿನಲ್ಲೇ ಬಂದ ಡೆಸಿಡುಸ್ಟಾಟ್ ಎಂಬ ಮಾತ್ರೆಗೆ ನಮ್ಮ ದೇಶದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಇವುಗಳ ಜೊತೆ ಕಬ್ಬಿಣವೂ ಬೇಕಾಗುತ್ತದೆ, ಕೆಲವರಿಗೆ ರಕ್ತನಾಳದ ಮೂಲಕ. ಕಬ್ಬಿಣವನ್ನು ನಾನು ಬೈಯುತ್ತಿಲ್ಲ, ಅದೊಂದನ್ನೇ ನಂಬಿ ಕೂರುವುದನ್ನು ಬೈಯುತ್ತಿದ್ದೇನೆ. ಹಿಮೋಗ್ಲೋಬಿನ್ 14 ಆಗಲೇಬೇಕೆಂದು ಹಟ ಹಿಡಿಯುವ ಮನೆಯವರೂ ಇದ್ದಾರೆ. ಬೇಡ. ಚುಚ್ಚುಮದ್ದಿನಿಂದ 13ರ ಮೇಲಕ್ಕೆ ಏರಿಸಿದರೆ ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆಯ ಅಪಾಯ ಹೆಚ್ಚು; 10ರಿಂದ 11.5 ಸಾಕು. "ಒಂದು ಬಾಟಲಿ ರಕ್ತ ಏರಿಸಿಬಿಡಿ" ಎಂಬ ಅವಸರವೂ ಬೇಡ. ಪರರ ರಕ್ತದ ವಿರುದ್ಧ ಮೈಯಲ್ಲಿ ಪ್ರತಿಕಾಯಗಳು ಹುಟ್ಟಿಕೊಂಡರೆ ಮುಂದೆ ಮೂತ್ರಪಿಂಡದ ಕಸಿಗೆ ಹೊಂದುವ ದಾನಿ ಸಿಗುವುದೇ ಕಷ್ಟವಾಗುತ್ತದೆ.

ಆದ್ದರಿಂದ ರಕ್ತ ಕಡಿಮೆ ಎಂದು ಚೀಟಿ ಬಂದಾಗ ನಿಮ್ಮ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: "ಕ್ರಿಯಾಟಿನಿನ್ ನೋಡೋಣವೇ, ಮೂತ್ರದಲ್ಲಿ ಆಲ್ಬುಮಿನ್ ನೋಡೋಣವೇ?" ನನ್ನಂಥವರಿಗೆ ಇದರಿಂದ ಕೋಪ ಬರಬಾರದು, ಬಂದರೂ ಕೇಳಿ. ವಯಸ್ಸಾದ, ಸಣಕಲು ಮೈಯವರಲ್ಲಿ ಕ್ರಿಯಾಟಿನಿನ್ 1.3 ಇದ್ದರೂ ಮೂತ್ರಪಿಂಡ ಅರ್ಧ ಸೋತಿರಬಹುದು. ವಯಸ್ಸಿನ ಲೆಕ್ಕ ಸೇರಿಸಿದ ಸೋಸುವಿಕೆಯ ಅಂಕಿಯನ್ನೂ ಪ್ರಯೋಗಾಲಯದಿಂದ ಬರೆಸಿಕೊಳ್ಳಿ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗುವ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಲು ಮರೆಯಬೇಡಿ. ಮೇಷ್ಟರ ಚೀಲದಲ್ಲಿ ಅಂಥ ಎರಡು ಬಗೆಯ ಮಾತ್ರೆಗಳಿದ್ದವು.