ಪೆಟ್ರೋಲ್ ತೆರಿಗೆ: ಬೈಗುಳವೂ ಇಬ್ಬರದು, ಬೊಕ್ಕಸವೂ ಇಬ್ಬರದು!

ಬೆಂಗಳೂರು: ಒಂದೇ ಮೈದಾನ, ಒಂದೇ ತಿಂಗಳು, ಹೆಚ್ಚು ಕಡಿಮೆ ಒಂದೇ ಘೋಷಣೆ, ಬೈಸಿಕೊಂಡವರು ಮಾತ್ರ ಬೇರೆ ಬೇರೆ. 2025ರ ಏಪ್ರಿಲ್ 2ರಂದು ನಗರದ ಫ್ರೀಡಂ ಪಾರ್ಕಿನಲ್ಲಿ ಬಿಜೆಪಿ ನಾಯಕರು ರಾಜ್ಯ ಸರ್ಕಾರದ ಬೆಲೆಯೇರಿಕೆಯನ್ನು ಖಂಡಿಸಿ ಅಹೋರಾತ್ರಿ ಧರಣಿ ಕುಳಿತರು. ಹದಿನೈದು ದಿನಗಳ ಬಳಿಕ, ಏಪ್ರಿಲ್ 17ರಂದು, ಅದೇ ಫ್ರೀಡಂ ಪಾರ್ಕಿನಲ್ಲಿ ಕಾಂಗ್ರೆಸ್ ನಾಯಕರು ಕೇಂದ್ರ ಸರ್ಕಾರದ ಬೆಲೆಯೇರಿಕೆಯನ್ನು ಖಂಡಿಸಿದರು. ಈ ಎರಡು ಸಮಾವೇಶಗಳ ನಡುವೆ, ಏಪ್ರಿಲ್ 14ರ ಮಧ್ಯರಾತ್ರಿಯಿಂದ, ರಾಜ್ಯದ ಲಾರಿ ಮಾಲೀಕರು ಗಾಡಿಗಳನ್ನು ನಿಲ್ಲಿಸಿ ಮುಷ್ಕರ ಹೂಡಿದರು. ಅವರ ಬೇಡಿಕೆಗಳಲ್ಲಿ ಮೊದಲನೆಯದು ಡೀಸೆಲ್ ದರ ಇಳಿಸಿ ಎಂಬುದು.

ಆ ತಿಂಗಳ ಘಟನೆಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿದರೆ ಯಾವ ಪ್ರಹಸನಕಾರನೂ ನಾಚಬೇಕು. ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಲೀಟರ್ ಡೀಸೆಲ್ 89.02 ರೂ.ನಿಂದ 91.02 ರೂ.ಗೆ ಜಿಗಿಯಿತು. ನಂದಿನಿ ಹಾಲಿನ ದರ 4 ರೂ. ಏರಿದ್ದೂ ಅದೇ ದಿನವೇ. ಇದನ್ನೇ ಅಸ್ತ್ರ ಮಾಡಿಕೊಂಡ ಬಿಜೆಪಿ ಏಪ್ರಿಲ್ 7ರಂದು ಮೈಸೂರಿನಿಂದ 'ಜನಾಕ್ರೋಶ ಯಾತ್ರೆ' ಆರಂಭಿಸಿತು. ಅಂದೇ ದೆಹಲಿಯಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಹಾಗೂ ಡೀಸೆಲ್ ಮೇಲಿನ ಅಬಕಾರಿ ಸುಂಕವನ್ನು ಲೀಟರಿಗೆ ತಲಾ 2 ರೂ. ಹೆಚ್ಚಿಸಿತು, ಅಡುಗೆ ಅನಿಲ ಸಿಲಿಂಡರಿನ ದರ 50 ರೂ. ಏರಿತು. ಯಾತ್ರೆಯ ವಾಹನ ಹೊರಟ ದಿನವೇ ದೆಹಲಿಯಿಂದ ಬಂದ ಈ 'ಉಡುಗೊರೆ'ಯನ್ನು ಸಮರ್ಥಿಸುವ ಹೊಣೆ ರಾಜ್ಯ ಬಿಜೆಪಿ ನಾಯಕರ ಕೊರಳಿಗೆ ಬಿತ್ತು.

ಕೇಂದ್ರದ ಸಮಜಾಯಿಷಿ ಇದ್ದೇ ಇತ್ತು. ಸುಂಕದ ಹೊರೆ ಗ್ರಾಹಕನ ಮೇಲೆ ಬೀಳುವುದಿಲ್ಲ, ಬಂಕಿನ ದರ ಬದಲಾಗುವುದಿಲ್ಲ, ಅಡುಗೆ ಅನಿಲದ ಮಾರಾಟದಲ್ಲಿ ತೈಲ ಕಂಪನಿಗಳಿಗೆ ಆದ ನಷ್ಟ ತುಂಬಲು ಈ ಹಣ ಬಳಕೆಯಾಗುತ್ತದೆ ಎಂದು ಪೆಟ್ರೋಲಿಯಂ ಸಚಿವ ಹರ್‌ದೀಪ್ ಸಿಂಗ್ ಪುರಿ ವಿವರಿಸಿದರು. ದರ ಏರಲಿಲ್ಲ ಎಂಬುದು ನಿಜ. ಆದರೆ ಆ ವಾರ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಚ್ಚಾತೈಲ ನಾಲ್ಕು ವರ್ಷಗಳಲ್ಲೇ ಕನಿಷ್ಠ ಮಟ್ಟಕ್ಕೆ ಕುಸಿದಿತ್ತು. ಏರದಿರುವುದನ್ನು ಉಪಕಾರವೆಂದು ಹೇಳಲಾಯಿತು. ಇಳಿಯಬೇಕಾಗಿದ್ದ ದರ ಏಕೆ ಇಳಿಯಲಿಲ್ಲ ಎಂಬ ಪ್ರಶ್ನೆ ಹಿಂದೆ ಸರಿಯಿತು.

ಈ ಹೊತ್ತಿಗೆ ಈ ಆಟ ಹಳೆಯದು. 2014ರ ನವೆಂಬರಿನಿಂದ 2016ರ ಜನವರಿಯವರೆಗೆ, ಕಚ್ಚಾತೈಲದ ಬೆಲೆ ಕುಸಿಯುತ್ತಿದ್ದ ಹದಿನೈದು ತಿಂಗಳಲ್ಲಿ, ಅಬಕಾರಿ ಸುಂಕ ಒಂಬತ್ತು ಬಾರಿ ಏರಿತು. 2020ರ ಏಪ್ರಿಲಿನಲ್ಲಿ ಕೋವಿಡ್ ಹೊಡೆತಕ್ಕೆ ಭಾರತ ಕೊಳ್ಳುವ ಕಚ್ಚಾತೈಲ ಬ್ಯಾರೆಲಿಗೆ 20 ಡಾಲರ್ ಆಸುಪಾಸಿಗೆ ಇಳಿದಾಗ, ಮೇ ತಿಂಗಳ ಮೊದಲ ವಾರದ ಒಂದು ರಾತ್ರಿ ಪೆಟ್ರೋಲ್ ಮೇಲೆ 10 ರೂ., ಡೀಸೆಲ್ ಮೇಲೆ 13 ರೂ. ಸುಂಕ ಬಿತ್ತು. 2014ರ ಮೇ ತಿಂಗಳಲ್ಲಿ ಲೀಟರ್ ಪೆಟ್ರೋಲಿಗೆ 9.48 ರೂ., ಡೀಸೆಲಿಗೆ 3.56 ರೂ. ಇದ್ದ ಕೇಂದ್ರದ ತೆರಿಗೆ 2020ರ ಮೇ ಹೊತ್ತಿಗೆ ಕ್ರಮವಾಗಿ 32.98 ರೂ. ಮತ್ತು 31.83 ರೂ. ಆಗಿತ್ತು. ಡೀಸೆಲ್ ಲೆಕ್ಕದಲ್ಲಿ ಇದು ಸುಮಾರು ಒಂಬತ್ತು ಪಟ್ಟು. ಪೆಟ್ರೋಲನ್ನು 2010ರಲ್ಲೂ, ಡೀಸೆಲನ್ನು 2014ರಲ್ಲೂ ಸರ್ಕಾರದ ಬೆಲೆ ನಿಯಂತ್ರಣದಿಂದ ಬಿಡಿಸಿದಾಗ ಮಾರುಕಟ್ಟೆ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ ಎಂದು ಜನರಿಗೆ ಹೇಳಲಾಗಿತ್ತು. ಏರಿಕೆಯ ಮಾತು ಪಾಲನೆಯಾಯಿತು.

ಎರಡು ಪೈಸೆಯ ಕಥೆ

ಬಂಕಿನಲ್ಲಿ ನಿಂತವನಿಗೆ ಕಾಣುವುದು ಒಂದೇ ಮೊತ್ತ. ಆದರೆ ದೆಹಲಿ ಮತ್ತು ಬೆಂಗಳೂರಿನ ನಡುವಿನ ನಿಜವಾದ ಜಗಳ ಇರುವುದು ತೆರಿಗೆಯ ಹೆಸರಿನಲ್ಲಿ. ಕೇಂದ್ರ ವಸೂಲು ಮಾಡುವ ಮೊತ್ತದಲ್ಲಿ ಮೂಲ ಅಬಕಾರಿ ಸುಂಕ ಮಾತ್ರ ರಾಜ್ಯಗಳೊಂದಿಗೆ ಹಂಚಿಕೆಯಾಗುತ್ತದೆ. ವಿಶೇಷ ಹೆಚ್ಚುವರಿ ಸುಂಕ, ರಸ್ತೆ ಮತ್ತು ಮೂಲಸೌಕರ್ಯ ಸೆಸ್, ಕೃಷಿ ಮೂಲಸೌಕರ್ಯ ಸೆಸ್ ಇವು ಯಾವುವೂ ಹಂಚಿಕೆಯ ಬುಟ್ಟಿಗೆ ಬೀಳುವುದಿಲ್ಲ. 2021ರ ಫೆಬ್ರುವರಿಯ ಕೇಂದ್ರ ಬಜೆಟ್ಟಿನಲ್ಲಿ ಕೃಷಿ ಸೆಸ್ ಜಾರಿಗೆ ತಂದಾಗ ಗ್ರಾಹಕನಿಗೆ ಹೊರೆಯಿಲ್ಲ ಎಂದು ಘೋಷಿಸಲಾಯಿತು. ಹೌದು, ಹೊರೆಯಾಗಲಿಲ್ಲ. ಪೆಟ್ರೋಲಿನ ಮೂಲ ಸುಂಕವನ್ನು 2.98 ರೂ.ನಿಂದ 1.40 ರೂ.ಗೆ, ಡೀಸೆಲಿನದನ್ನು 4.83 ರೂ.ನಿಂದ 1.80 ರೂ.ಗೆ ಇಳಿಸಿ ಆ ಜಾಗದಲ್ಲಿ ಸೆಸ್ ಕೂರಿಸಲಾಗಿತ್ತು. ಹೊರೆ ಬಿದ್ದದ್ದು ರಾಜ್ಯಗಳ ಪಾಲಿನ ಮೇಲೆ.

ಅಂದಿನ ಲೆಕ್ಕವನ್ನೇ ಬಿಡಿಸಿ ನೋಡಬಹುದು. ಲೀಟರ್ ಪೆಟ್ರೋಲಿಗೆ ಕೇಂದ್ರದ ಒಟ್ಟು ತೆರಿಗೆ 32.90 ರೂ. ಹಂಚಿಕೆಗೆ ಅರ್ಹವಾದದ್ದು 1.40 ರೂ. ಅದರಲ್ಲಿ ಎಲ್ಲ ರಾಜ್ಯಗಳ ಪಾಲು ಶೇ 41, ಅಂದರೆ 57 ಪೈಸೆ. 15ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ನಿಗದಿ ಮಾಡಿದ ಪಾಲು ಆ 57 ಪೈಸೆಯ ಶೇ 3.647, ಎಂದರೆ ಸುಮಾರು ಎರಡು ಪೈಸೆ! ದೇಶದ ಮಟ್ಟದಲ್ಲಿ ಚಿತ್ರ ಭಿನ್ನವಾಗಿರಲಿಲ್ಲ. 2020-21ರಲ್ಲಿ ಕೇಂದ್ರಕ್ಕೆ ಬಂದ ಅಬಕಾರಿ ಸುಂಕ 3.72 ಲಕ್ಷ ಕೋಟಿ ರೂ., ಅದರಲ್ಲಿ ರಾಜ್ಯಗಳಿಗೆ ಹಂಚಿದ್ದು 19,972 ಕೋಟಿ ರೂ. ಎಂದು ಸರ್ಕಾರವೇ 2021ರ ನವೆಂಬರಿನಲ್ಲಿ ರಾಜ್ಯಸಭೆಗೆ ತಿಳಿಸಿತ್ತು. ಮುಖ್ಯಮಂತ್ರಿ ಸಿದ್ದರಾಮಯ್ಯ 2024ರ ಫೆಬ್ರುವರಿಯಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ 'ನನ್ನ ತೆರಿಗೆ, ನನ್ನ ಹಕ್ಕು' ಎಂದು ಧರಣಿ ಕೂತಾಗ ಎತ್ತಿದ ವಾದದ ಒಂದು ಬೇರು ಇಲ್ಲಿದೆ.

ಕೇಂದ್ರದ ಪರವಾದ ಮಾತೂ ಹುರುಳಿಲ್ಲದ್ದಲ್ಲ. ರಸ್ತೆ ಸೆಸ್ಸಿನ ಹಣ ರಸ್ತೆಗೇ ಹೋಗುತ್ತದೆ, ಆ ರಸ್ತೆಗಳು ರಾಜ್ಯಗಳಲ್ಲೇ ಇವೆ ಎಂಬುದು ಒಂದು. ಎರಡನೆಯದು ಇನ್ನೂ ಗಟ್ಟಿಯಾದದ್ದು: 2021ರ ನವೆಂಬರ್ ಹಾಗೂ 2022ರ ಮೇ ತಿಂಗಳಲ್ಲಿ ಸುಂಕ ಇಳಿಸಿದಾಗ ಕಡಿತವಾದದ್ದು ಈ ರಸ್ತೆ ಸೆಸ್ಸೇ. ಆದ್ದರಿಂದ ಹಂಚಿಕೆಯ ಮೂಲಕ ರಾಜ್ಯಗಳಿಗೆ ಬರುವ ಪಾಲಿಗೆ ಆಗ ಧಕ್ಕೆಯಾಗಲಿಲ್ಲ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ವಾದಿಸಿದ್ದರು. ಕೊಡದೇ ಇದ್ದದ್ದನ್ನು ಕಡಿತ ಮಾಡಲೂ ಇಲ್ಲ ಎಂಬುದು ಇದರ ಇನ್ನೊಂದು ಓದು.

ತೆರಿಗೆಯ ಮೇಲೊಂದು ತೆರಿಗೆ

ಹಾಗಾದರೆ ರಾಜ್ಯ ಸರ್ಕಾರ ಪಾಪದ್ದೇ? ಖಂಡಿತ ಅಲ್ಲ. ಕೇಂದ್ರದ್ದು ಲೀಟರಿಗೆ ಇಂತಿಷ್ಟು ರೂಪಾಯಿ ಎಂಬ ತೆರಿಗೆ. ಕರ್ನಾಟಕದ್ದು ಶೇಕಡಾವಾರು ಮಾರಾಟ ತೆರಿಗೆ. ಈ ಶೇಕಡಾ ಲೆಕ್ಕ ಬೀಳುವುದು ತೈಲದ ಬೆಲೆಯ ಮೇಲೆ ಮಾತ್ರವಲ್ಲ, ಅದಕ್ಕೆ ಸೇರಿಕೊಂಡ ಕೇಂದ್ರದ ಸುಂಕದ ಮೇಲೂ. ರಾಜ್ಯದ ದರ ಶೇ 35 ಇದ್ದ ಕಾಲದಲ್ಲಿ ಕೇಂದ್ರದ 32.90 ರೂ. ಸುಂಕದ ಮೇಲೆಯೇ ಕರ್ನಾಟಕ 11.50 ರೂ. ತೆರಿಗೆ ಎತ್ತುತ್ತಿತ್ತು. ದೆಹಲಿ ಸುಂಕ ಏರಿಸಿದಾಗಲೆಲ್ಲ ವಿಧಾನಸೌಧದಲ್ಲಿ ಖಂಡನೆ, ಖಜಾನೆಯಲ್ಲಿ ಜಮೆ! 2022ರ ಮೇ ತಿಂಗಳಲ್ಲಿ ಪೆಟ್ರೋಲ್ ಸುಂಕ 8 ರೂ. ಇಳಿದಾಗ ಬಂಕಿನಲ್ಲಿ ದರ 9.50 ರೂ. ಇಳಿಯಲಿದೆ ಎಂದು ಕೇಂದ್ರ ಪ್ರಕಟಿಸಿದ್ದಕ್ಕೂ ಇದೇ ಕಾರಣ. ಮೇಲಿನ ಒಂದೂವರೆ ರೂಪಾಯಿ ರಾಜ್ಯಗಳ ಗಂಟಿನಿಂದ ತಾನಾಗಿಯೇ ಜಾರುವ ಮೊತ್ತ.

ರಾಜ್ಯದ ತೆರಿಗೆ ದರದ ಏರಿಳಿತವನ್ನು ಗಮನಿಸಿದರೆ ಯಾವ ಪಕ್ಷಕ್ಕೂ ಇನ್ನೊಂದರ ಕಡೆ ಬೆರಳು ತೋರುವ ಅರ್ಹತೆ ಉಳಿಯುವುದಿಲ್ಲ. 2018ರ ಜುಲೈನಲ್ಲಿ ಜೆಡಿಎಸ್-ಕಾಂಗ್ರೆಸ್ ಮೈತ್ರಿ ಸರ್ಕಾರದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ, ರೈತರ ಸಾಲಮನ್ನಾಕ್ಕೆ ಹಣ ಹೊಂದಿಸಬೇಕಾದ ಬಜೆಟ್ಟಿನಲ್ಲಿ ಪೆಟ್ರೋಲ್ ತೆರಿಗೆಯನ್ನು ಶೇ 30ರಿಂದ 32ಕ್ಕೆ ಏರಿಸಿದರು. ಸೆಪ್ಟೆಂಬರಿನಲ್ಲಿ ಅವರೇ ಕಲಬುರಗಿಯಲ್ಲಿ 2 ರೂ. ಇಳಿಕೆ ಘೋಷಿಸಿದರು, 2019ರ ಜನವರಿಯಲ್ಲಿ ಮತ್ತೆ ಹಳೆಯ ಶೇ 32. ಬಿ.ಎಸ್. ಯಡಿಯೂರಪ್ಪ 2020ರ ಬಜೆಟ್ಟಿನಲ್ಲಿ ಅದನ್ನು ಶೇ 35ಕ್ಕೆ ಒಯ್ದರು. ಬಸವರಾಜ ಬೊಮ್ಮಾಯಿ 2021ರ ನವೆಂಬರಿನಲ್ಲಿ ಶೇ 25.92ಕ್ಕೆ ಇಳಿಸಿದರು. ಸಿದ್ದರಾಮಯ್ಯ 2024ರ ಜೂನ್ 15ರಂದು ಶೇ 29.84ಕ್ಕೆ ಏರಿಸಿದರು. ಡೀಸೆಲ್ ಮೇಲಿನ ತೆರಿಗೆಯೂ ಇದೇ ಏಣಿಯಲ್ಲಿ ಹತ್ತಿ ಇಳಿದಿದೆ. 2020ರ ಜೂನ್‌ನಲ್ಲಿ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ತೈಲ ಬೆಲೆಯೇರಿಕೆ ವಿರೋಧಿಸಿ ಬೆಂಗಳೂರಿನ ರಸ್ತೆಯಲ್ಲಿ ಸೈಕಲ್ ತುಳಿದಿದ್ದರು. 2024ರ ಜೂನ್‌ನಲ್ಲಿ ಸೈಕಲ್ ತುಳಿಯುವ ಸರದಿ ಬಿಜೆಪಿಯವರದಾಯಿತು.

ಗ್ಯಾರಂಟಿ ಯೋಜನೆಗಳಿಗೆ ಹಣ ಹೊಂದಿಸಲು ಈ ಏರಿಕೆ ಎಂದು ಬಿಜೆಪಿ ಆರೋಪಿಸಿತು. 2025-26ರ ರಾಜ್ಯ ಬಜೆಟ್ಟಿನಲ್ಲಿ ಆ ಯೋಜನೆಗಳಿಗೆ 51 ಸಾವಿರ ಕೋಟಿ ರೂ.ಗೂ ಹೆಚ್ಚು ಮೀಸಲಿಟ್ಟಿರುವಾಗ ಆರೋಪವನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಸಾಲಮನ್ನಾಕ್ಕೂ ಇದೇ ಪೆಟ್ರೋಲ್, ಕೋವಿಡ್ ಕಾಲದ ಖಾಲಿ ಬೊಕ್ಕಸಕ್ಕೂ ಇದೇ ಡೀಸೆಲ್ ಎಂಬುದನ್ನು ಮರೆಯುವಂತೆಯೂ ಇಲ್ಲ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವೇ ದರ ನಿಗದಿ ಮಾಡಬಲ್ಲ ದೊಡ್ಡ ತೆರಿಗೆಗಳು ಬೆರಳೆಣಿಕೆಯಷ್ಟೇ ಉಳಿದವು: ಮದ್ಯ, ನೋಂದಣಿ ಮುದ್ರಾಂಕ, ವಾಹನ, ತೈಲ. ಇವುಗಳಲ್ಲಿ ತೈಲದ ತೆರಿಗೆಯಷ್ಟು ಸಲೀಸಾಗಿ ವಸೂಲಾಗುವುದು ಇನ್ನೊಂದಿಲ್ಲ. ಮೂರು ಸಾರ್ವಜನಿಕ ವಲಯದ ಕಂಪನಿಗಳಿಂದಲೇ ಬಹುಪಾಲು ಹಣ ಬರುತ್ತದೆ. ದಾಳಿ ಬೇಡ, ನೋಟಿಸ್ ಬೇಡ, ವಂಚನೆಯ ಭಯವಿಲ್ಲ.

ತೈಲವನ್ನು ಜಿಎಸ್‌ಟಿ ವ್ಯಾಪ್ತಿಗೆ ತನ್ನಿ ಎಂಬ ಬೇಡಿಕೆಗೆ ಬಂದ ಗತಿಯೂ ಇದರಿಂದಲೇ ಅರ್ಥವಾಗುತ್ತದೆ. ಸಂವಿಧಾನದ 279ಎ ವಿಧಿಯಲ್ಲಿ ಅದಕ್ಕೆ ಬಾಗಿಲು ತೆರೆದೇ ಇದೆ. ದಿನಾಂಕವನ್ನು ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಬೇಕಷ್ಟೆ. ಕೇರಳ ಹೈಕೋರ್ಟಿನ ಸೂಚನೆಯಂತೆ 2021ರ ಸೆಪ್ಟೆಂಬರ್ 17ರಂದು ಲಖನೌ ಸಭೆಯಲ್ಲಿ ವಿಷಯ ಬಂದಾಗ, ಇದು ಸಕಾಲವಲ್ಲ ಎಂದು ಮಂಡಳಿ ತೀರ್ಮಾನಿಸಿತು. ಉಳಿದೆಲ್ಲ ವಿಷಯಗಳಲ್ಲಿ ಕಿತ್ತಾಡುವ ಕೇಂದ್ರ-ರಾಜ್ಯಗಳ ನಡುವೆ ಅಂದು ಕಂಡ ಒಮ್ಮತ ಅಪರೂಪದ್ದು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ದರಗಳ ದೊಡ್ಡ ಪರಿಷ್ಕರಣೆ ನಡೆದಾಗಲೂ ಪೆಟ್ರೋಲ್, ಡೀಸೆಲ್ ಹೊರಗೇ ಉಳಿದವು.

ಮತಗಟ್ಟೆ ಮತ್ತು ಬಂಕ್

ದರ ಯಾವಾಗ ಇಳಿಯುತ್ತದೆ ಎಂಬುದನ್ನು ತಿಳಿಯಲು ಕಚ್ಚಾತೈಲದ ಸೂಚ್ಯಂಕಕ್ಕಿಂತ ಚುನಾವಣಾ ಆಯೋಗದ ವೇಳಾಪಟ್ಟಿ ಹೆಚ್ಚು ಉಪಯುಕ್ತ. 2017ರ ಜೂನ್‌ನಿಂದ ಬಂಕಿನ ದರ ಪ್ರತಿದಿನ ಪರಿಷ್ಕರಣೆಯಾಗುತ್ತಿತ್ತು. ಆದರೆ 2018ರ ಕರ್ನಾಟಕ ವಿಧಾನಸಭಾ ಚುನಾವಣೆಗೆ ಮುನ್ನ ಅದು 19 ದಿನ ಅಲುಗಾಡಲಿಲ್ಲ. ಮೇ 12ರಂದು ಮತದಾನ, ಮೇ 14ರಂದು ಏರಿಕೆ ಪುನರಾರಂಭ. 2021ರ ನವೆಂಬರ್ 2ರಂದು ಉಪಚುನಾವಣೆಗಳ ಫಲಿತಾಂಶ ಹೊರಬಿದ್ದು, ಮುಖ್ಯಮಂತ್ರಿ ಬೊಮ್ಮಾಯಿಯವರ ತವರು ಜಿಲ್ಲೆ ಹಾವೇರಿಯ ಹಾನಗಲ್ ಕ್ಷೇತ್ರವನ್ನು ಬಿಜೆಪಿ ಕಳೆದುಕೊಂಡಿತು; ಹಿಮಾಚಲ ಪ್ರದೇಶದಲ್ಲೂ ಮುಗ್ಗರಿಸಿತು. ಮರುದಿನವೇ, ದೀಪಾವಳಿಯ ಮುನ್ನಾದಿನ, ಕೇಂದ್ರ ಪೆಟ್ರೋಲಿಗೆ 5 ರೂ., ಡೀಸೆಲಿಗೆ 10 ರೂ. ಸುಂಕ ಇಳಿಸಿತು. ಅದರ ಬೆನ್ನಲ್ಲೇ ರಾಜ್ಯ ಸರ್ಕಾರವೂ ತಲಾ 7 ರೂ. ಇಳಿಸಿತು. ಬೆಂಗಳೂರಿನಲ್ಲಿ 113.93 ರೂ. ಇದ್ದ ಪೆಟ್ರೋಲ್ 100.58 ರೂ.ಗೆ ಬಂತು. ನಂತರ ಉತ್ತರಪ್ರದೇಶ ಸೇರಿ ಐದು ರಾಜ್ಯಗಳ ಚುನಾವಣೆ ಮುಗಿಯುವ ತನಕ ದರ ನಿಂತಲ್ಲೇ ನಿಂತಿತು. 2022ರ ಮಾರ್ಚ್ 22ರಿಂದ ಹದಿನಾರು ದಿನಗಳಲ್ಲಿ ಲೀಟರಿಗೆ 10 ರೂ. ಏರಿತು. 2024ರ ಲೋಕಸಭಾ ಚುನಾವಣೆ ಘೋಷಣೆಯಾಗುವ ಮುನ್ನ ತೈಲ ಕಂಪನಿಗಳು 2 ರೂ. ಇಳಿಸಿದವು. ಜೂನ್ 4ರಂದು ಫಲಿತಾಂಶ ಬಂತು. ಹನ್ನೊಂದು ದಿನಗಳ ಬಳಿಕ ಕರ್ನಾಟಕದಲ್ಲಿ ಕಾಂಗ್ರೆಸ್ ಸರ್ಕಾರ ದರವನ್ನು 3 ರೂ. ಏರಿಸಿತು. ವೇಳಾಪಟ್ಟಿಯನ್ನು ಓದುವ ವಿದ್ಯೆ ಯಾವುದೇ ಒಂದು ಪಕ್ಷದ ಸ್ವತ್ತಲ್ಲ.

ಬೊಮ್ಮಾಯಿ ಸರ್ಕಾರದ ಇಳಿಕೆ ಸಣ್ಣದಾಗಿರಲಿಲ್ಲ ಎಂಬುದನ್ನು ಮಾತ್ರ ಒಪ್ಪಬೇಕು. ಆ ಇಳಿಕೆಯಿಂದ ಕರ್ನಾಟಕ ಆರು ತಿಂಗಳಲ್ಲಿ 5,000 ಕೋಟಿ ರೂ.ಗೂ ಹೆಚ್ಚು ವರಮಾನ ಬಿಟ್ಟುಕೊಟ್ಟಿತೆಂದು ಪ್ರಧಾನಿ ನರೇಂದ್ರ ಮೋದಿ 2022ರ ಏಪ್ರಿಲಿನಲ್ಲಿ ಮುಖ್ಯಮಂತ್ರಿಗಳ ಸಭೆಯಲ್ಲಿ ಹೊಗಳಿ, ಇಳಿಸದ ರಾಜ್ಯಗಳನ್ನು ಹೆಸರಿಸಿ ಚುಚ್ಚಿದ್ದರು. ಸಿದ್ದರಾಮಯ್ಯ ಸರ್ಕಾರ 2024 ಮತ್ತು 2025ರಲ್ಲಿ ಒಂದಿಷ್ಟು ಮರಳಿ ಪಡೆದದ್ದು ಆ ಬಿಟ್ಟುಕೊಟ್ಟ ಹಣವನ್ನೇ. 2025ರಲ್ಲಿ ಸಮರ್ಥನೆಗೆ ನಿಂತ ಸರ್ಕಾರ, ಹಿಂದೆ ಡೀಸೆಲ್ ತೆರಿಗೆ ಶೇ 24 ಇತ್ತೆಂದು ನೆನಪಿಸಿತು. ನಡುವೆ ಅದು ಶೇ 14.34ಕ್ಕೆ ಇಳಿದಿತ್ತು ಎಂಬುದು ವಾದದ ಭರಾಟೆಯಲ್ಲಿ ಮರೆಗೆ ಸರಿಯಿತು. ಜೊತೆಗೆ ಇನ್ನೊಂದು ಪಟ್ಟಿಯನ್ನೂ ಸರ್ಕಾರ ಮುಂದಿಟ್ಟಿತು: ಏರಿಕೆಯ ನಂತರವೂ ಬೆಂಗಳೂರಿನಲ್ಲಿ ಡೀಸೆಲ್ 91.02 ರೂ.; ಹೊಸೂರಿನಲ್ಲಿ 94.42, ಕಾಸರಗೋಡಿನಲ್ಲಿ 95.66, ಹೈದರಾಬಾದಿನಲ್ಲಿ 95.70, ಅನಂತಪುರದಲ್ಲಿ 97.35, ಮಹಾರಾಷ್ಟ್ರದ ಕಾಗಲ್‌ನಲ್ಲಿ 91.07 ರೂ.

ಈ ಪಟ್ಟಿ ಹೇಳುವುದು ಅದನ್ನು ಪ್ರಕಟಿಸಿದವರು ಹೇಳಬಯಸಿದ್ದಕ್ಕಿಂತ ಹೆಚ್ಚು. ದೂರದ ಸರಕು ಸಾಗಿಸುವ ಲಾರಿಯ ಟ್ಯಾಂಕ್ ನೂರಾರು ಲೀಟರ್ ಹಿಡಿಯುತ್ತದೆ. ಎಲ್ಲಿ ಅಗ್ಗವೋ ಅಲ್ಲಿ ತುಂಬಿಸುವುದು ಚಾಲಕನಿಗೆ ಮೊದಲ ಪಾಠ. ಕಾಸರಗೋಡಿನಿಂದ ಬರುವ ಲಾರಿ ತಲಪಾಡಿ ದಾಟಿದ ಮೇಲೆ, ಹೊಸೂರಿನಿಂದ ಬರುವ ಲಾರಿ ಅತ್ತಿಬೆಲೆ ದಾಟಿದ ಮೇಲೆ ತುಂಬಿಸುವ ಡೀಸೆಲಿನ ತೆರಿಗೆ ಕರ್ನಾಟಕದ್ದು. ದರ ಕಡಿಮೆ ಇಟ್ಟು ಹೆಚ್ಚು ಮಾರುವುದೂ ಒಂದು ಲೆಕ್ಕಾಚಾರ; 2021ರ ಇಳಿಕೆಯ ನಂತರ ರಾಜ್ಯಕ್ಕೆ ದಕ್ಕಿದ್ದ ಅನುಕೂಲ ಇದೇ. ಪ್ರತಿ ಏರಿಕೆಯೂ ಅದರಿಂದ ಒಂದಿಷ್ಟು ಕೆತ್ತುತ್ತದೆ.

ಲಾರಿ ಮುಷ್ಕರ ಕೆಲವೇ ದಿನಗಳಲ್ಲಿ ಮುಗಿಯಿತು. ಹತ್ತು ತಿಂಗಳೊಳಗೆ ಎರಡು ಬಾರಿ, ಒಟ್ಟು 5 ರೂ. ಏರಿದ್ದ ಡೀಸೆಲ್ ತೆರಿಗೆ ಏರಿದಲ್ಲೇ ಉಳಿಯಿತು. ನಿಪ್ಪಾಣಿಯ ಕಡೆಯಿಂದ ಪುಣೆ ಹೆದ್ದಾರಿ ಹಿಡಿಯುವ ಲಾರಿಗಳಿಗೆ ಗಡಿಯಾಚೆಯ ಕಾಗಲ್ ಹತ್ತಿರದ ಊರು. 2025ರ ಏಪ್ರಿಲಿನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದಂತೆ ಅಲ್ಲಿಗೂ ಬೆಂಗಳೂರಿಗೂ ಉಳಿದಿದ್ದ ಅಂತರ 5 ಪೈಸೆ.