ರಕ್ತಪರೀಕ್ಷೆಯ ಅಂಕೆಯೂ ನಮ್ಮ ಆತಂಕವೂ

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ಅಚ್ಚಾದ ಅಂಕೆಯ ಮುಂದೆ ನಾವು ಈ ವಿವೇಕವನ್ನು ಮರೆತುಬಿಡುತ್ತೇವೆ. ಅಂಕೆ ಸುಳ್ಳು ಹೇಳದಿರಬಹುದು. ಅದು ಹೇಳಿದ್ದನ್ನು ನಾವು ತಪ್ಪಾಗಿ ತಿಳಿಯುವುದುಂಟು. ರಕ್ತದಲ್ಲಿರುವ ಜೀವಸತ್ತ್ವಗಳ ಪರೀಕ್ಷೆಯ ವಿಷಯದಲ್ಲಿ ಈ ಮಾತು ಎಷ್ಟು ನಿಜವೆಂಬುದನ್ನು ನಾನು ನನ್ನ ಮನೆಯಲ್ಲಿಯೇ ಕಂಡೆ.

ಕಳೆದ ವರ್ಷ ನನ್ನ ತಾಯಿಗೆ ಅಂಗಾಲು ಜುಮುಗುಡುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಆಯಾಸ. ತಾಲ್ಲೂಕು ಕೇಂದ್ರದ ಪ್ರಯೋಗಾಲಯವೊಂದರಲ್ಲಿ ರಕ್ತ ಕೊಟ್ಟು ಬಂದೆವು. ವರದಿ ಇಂಗ್ಲಿಷಿನಲ್ಲಿತ್ತು, ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಬಿ-12 ಜೀವಸತ್ತ್ವದ ಮುಂದೆ 'ಮಿಲಿಲೀಟರಿಗೆ 2000 ಪಿಕೋಗ್ರಾಮಿಗಿಂತ ಹೆಚ್ಚು' ಎಂದಿತ್ತು. ಪಕ್ಕದಲ್ಲಿ ದಪ್ಪಕ್ಷರದ 'ಎಚ್'. ಇರಬೇಕಾದದ್ದು ಸುಮಾರು 200ರಿಂದ 900. "ಬಹಳ ಹೆಚ್ಚಾಗಿದೆ, ಅವ್ವಾ" ಎಂದೆ. ಏಕೆ ಹೆಚ್ಚಾಯಿತೆಂದು ನನಗೂ ತಿಳಿಯದು. ಹಾಲು ಮೊಸರಿನಲ್ಲಿ ಬಿ-12 ಇರುತ್ತದೆಂದು ಯಾರೋ ಹೇಳಿದರು. ಅಂದಿನಿಂದ ಅವ್ವ ಹಾಲು ಮೊಸರನ್ನು ಮುಟ್ಟಲಿಲ್ಲ. ಹತ್ತು ದಿನ ಆಕೆ ಬರಿಯ ಸಾರನ್ನ ಉಂಡದ್ದಕ್ಕೆ ನನ್ನ ಅರೆತಿಳಿವಳಿಕೆಯೇ ಕಾರಣ.

ವೈದ್ಯರು ವರದಿಯನ್ನು ನೋಡಿ, "ಈಚೆಗೆ ಸೂಜಿ ಹಾಕಿಸಿಕೊಂಡಿದ್ದಿರೇನಮ್ಮ?" ಎಂದು ಕೇಳಿದರು. ಹೌದು, ಸುಸ್ತಿಗೆಂದು ಊರಿನಲ್ಲಿಯೇ ಮೂರು ಕೆಂಪು ಸೂಜಿ ಹಾಕಿಸಿಕೊಂಡಿದ್ದಳು. ಆ ಕೆಂಪು ಔಷಧವೇ ಬಿ-12. ವರದಿಯ ಅಂಕೆ ಸೂಜಿಯ ಗುರುತಾಗಿತ್ತೇ ಹೊರತು ರೋಗದ ಗುರುತಾಗಿರಲಿಲ್ಲ. ಅವ್ವ ಸಕ್ಕರೆ ಕಾಯಿಲೆಗೆ ಎಂಟು ವರ್ಷಗಳಿಂದ ಮೆಟ್‌ಫಾರ್ಮಿನ್ ಗುಳಿಗೆ ನುಂಗುತ್ತಿದ್ದಾಳೆ. ಬಹುಕಾಲ ಸೇವಿಸಿದರೆ ಈ ಗುಳಿಗೆ ದೇಹದ ಬಿ-12ನ್ನು ಕುಗ್ಗಿಸಬಲ್ಲದು. ಸೂಜಿಗೆ ಮೊದಲು ಆಕೆಗೆ ಕೊರತೆಯೇ ಇದ್ದಿರಬಹುದು. ಸೂಜಿಯ ಮೇಲೆ ಮಾಡಿದ ಪರೀಕ್ಷೆ ಅದನ್ನು ತೋರಿಸಲಾರದು. 'ಎಚ್' ಅಕ್ಷರಕ್ಕೆ ಹೆದರಿ ಔಷಧವನ್ನೇ ಬಿಟ್ಟಿದ್ದರೆ ನರಗಳಿಗೆ ಆಗುವ ಹಾನಿ ಮುಂದೆ ಸರಿಯಾಗದೆಯೂ ಹೋಗಬಹುದಿತ್ತು. ಹಾಗೆಂದು ಬಿ-12 ಹೆಚ್ಚಿರುವುದನ್ನು ಎಲ್ಲರೂ ಕಡೆಗಣಿಸಬಹುದೆಂದಲ್ಲ. ಸೂಜಿಯನ್ನಾಗಲಿ ಗುಳಿಗೆಯನ್ನಾಗಲಿ ತೆಗೆದುಕೊಳ್ಳದವರಲ್ಲಿ ಅದು ಹೆಚ್ಚಿಯೇ ಇದ್ದರೆ, ಯಕೃತ್ತು, ಮೂತ್ರಪಿಂಡ ಮತ್ತು ರಕ್ತದ ರೋಗಗಳೇನಾದರೂ ಇವೆಯೇ ಎಂದು ವೈದ್ಯರು ವಿಚಾರಿಸಬೇಕಾಗುತ್ತದೆ.

ಸಾಮಾನ್ಯ ಮಿತಿಯೆಂದು ವರದಿಯಲ್ಲಿ ಅಚ್ಚಾಗುವುದಾದರೂ ಏನು? ಅನೇಕ ಪರೀಕ್ಷೆಗಳಲ್ಲಿ ಅದು ಆರೋಗ್ಯವಂತರಾದ ನೂರು ಜನರಲ್ಲಿ ತೊಂಬತ್ತೈದು ಮಂದಿಯ ಅಂಕೆಗಳು ಬೀಳುವ ಎಲ್ಲೆ. ಉಳಿದ ಐವರೂ ಆರೋಗ್ಯವಂತರೇ! ಒಂದೇ ಸಲ ಮೂವತ್ತು ನಲವತ್ತು ಪರೀಕ್ಷೆ ಮಾಡಿಸಿದವನಿಗೆ ಒಂದೆರಡು ದಪ್ಪಕ್ಷರ ಬಂದರೆ ಆಶ್ಚರ್ಯವಿಲ್ಲ. ಮಾನಗಳ ತೊಡಕು ಬೇರೆ. ಡಿ ಜೀವಸತ್ತ್ವವನ್ನು ಒಂದು ಕಡೆ ಮಿಲಿಲೀಟರಿಗೆ 20 ನ್ಯಾನೋಗ್ರಾಂ ಎಂದರೆ, ಇನ್ನೊಂದು ಕಡೆ ಅದನ್ನೇ ಲೀಟರಿಗೆ 50 ನ್ಯಾನೋಮೋಲ್ ಎನ್ನುತ್ತಾರೆ. ಕೂದಲು ಬೆಳೆಯಲೆಂದು ನುಂಗುವ ಬಯೋಟಿನ್ ಗುಳಿಗೆಯೂ ಕೆಲವು ರಕ್ತಪರೀಕ್ಷೆಗಳ ಫಲವನ್ನು ಕೆಡಿಸುತ್ತದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರಲ್ಲಿ ಎಚ್ಚರಿಸಿತು.

ಕಡಿಮೆಯೆಂಬ ಅಂಕೆಯಿಂದಲೂ ಅಪಾಯವುಂಟು. ಡಿ ಜೀವಸತ್ತ್ವದ ಮುಂದೆ 'ಎಲ್' ಕಂಡವರು 60,000 ಯೂನಿಟ್ಟಿನ ಪೊಟ್ಟಣ ತರುತ್ತಾರೆ. ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವೇ ವಾರ ಕೊಡುವ ಔಷಧವಿದು; ದಿನಕ್ಕೊಂದು ತೆಗೆದುಕೊಳ್ಳುವವರೂ ಇದ್ದಾರೆ. ಈ ಸತ್ತ್ವ ಕೊಬ್ಬಿನಲ್ಲಿ ಸಂಗ್ರಹವಾಗುತ್ತದೆ. ಮಿತಿಮೀರಿದರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡಕ್ಕೆ ಕೇಡು. ಆರೋಗ್ಯವಂತರಾದ ವಯಸ್ಕರಿಗೆ ಕಾರಣವಿಲ್ಲದೆ ಈ ಪರೀಕ್ಷೆ ಮಾಡಿಸುವುದು ಬೇಡವೆಂದು ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಸಲಹೆ ಮಾಡಿದೆ. ಆದರೂ ನಮ್ಮಲ್ಲಿ ರಿಯಾಯಿತಿಯ ಆಸೆ ತೋರಿಸಿ ಪರೀಕ್ಷೆಗಳನ್ನು ಗಂಟುಕಟ್ಟಿ ಮಾರುವುದು ನಡೆದೇ ಇದೆ.

'ವೈದ್ಯರಿರುವಾಗ ಇದೆಲ್ಲ ನಮಗೇಕೆ?' ಎಂದು ಕೆಲವರು ಕೇಳಬಹುದು. ವರದಿ ಮೊದಲು ಬರುವುದು ಮನೆಯವರ ಕೈಗೆ, ಇಲ್ಲವೆ ಮೊಬೈಲಿಗೆ. ವೈದ್ಯರ ಭೇಟಿ ಆಮೇಲೆ. ನಡುವಿನ ಆ ದಿನಗಳಲ್ಲಿಯೇ ಪಥ್ಯ ತಪ್ಪುವುದು, ಔಷಧ ನಿಲ್ಲುವುದು, ಸಾಲ ಮಾಡಿ ದೊಡ್ಡ ಆಸ್ಪತ್ರೆಗೆ ಓಡುವುದು. ಆದ್ದರಿಂದ ರಕ್ತ ತೆಗೆಯುವ ಮೊದಲೇ ಯಾವ ಸೂಜಿ, ಯಾವ ಗುಳಿಗೆ ತೆಗೆದುಕೊಂಡಿದ್ದೀರೆಂದು ಪ್ರಯೋಗಾಲಯದವರು ಕೇಳಿ ವರದಿಯಲ್ಲಿ ಬರೆಯಬೇಕು. 'ಈ ಗುರುತು ಮಾತ್ರದಿಂದ ರೋಗವೆಂದು ತಿಳಿಯಬೇಡಿ; ವೈದ್ಯರನ್ನು ಕೇಳದೆ ಔಷಧವನ್ನು ಬಿಡಬೇಡಿ, ಹೊಸದನ್ನು ಹಿಡಿಯಬೇಡಿ' ಎಂಬ ಎರಡು ಸಾಲು ಕನ್ನಡದಲ್ಲಿ ಇರಬೇಕು. ಇದಕ್ಕೆ ಹೆಚ್ಚಿನ ಖರ್ಚೇನೂ ತಗಲದು.

ನಮ್ಮ ಕರ್ತವ್ಯವೂ ಒಂದಿದೆ. ಮನೆಗೆ ಮೊದಲ ಪದವೀಧರರಾಗಲಿರುವ ನನ್ನಂಥವರು ಈ ಕಾಲೇಜಿನಲ್ಲಿ ಬಹಳ ಮಂದಿ. ಬ್ಯಾಂಕಿನ ಕಾಗದವಿರಲಿ, ರಕ್ತದ ವರದಿಯಿರಲಿ, ಮನೆಯವರು ನಮ್ಮ ಮುಂದೆ ಹಿಡಿಯುತ್ತಾರೆ. ನಾವು ಹೇಳಿದ್ದನ್ನು ನಂಬುತ್ತಾರೆ. ತಿಳಿಯದ್ದನ್ನು ತಿಳಿಯದೆಂದು ಹೇಳುವ ಧೈರ್ಯವನ್ನು ನಾವು ಕಲಿಯಬೇಕು. ಅಂದು ನಾನು "ನನಗೆ ಇದರ ಅರ್ಥ ತಿಳಿಯದು, ಅವ್ವಾ, ವೈದ್ಯರನ್ನು ಕೇಳಿ ಬರೋಣ" ಎಂದಿದ್ದರೆ ಆಕೆಯ ಮೊಸರನ್ನ ತಪ್ಪುತ್ತಿರಲಿಲ್ಲ.